ಕೊಯ್ತದ ಹೆಸರು: ಕನ್ನಡ ವೈದ್ಯ ಪರಿಭಾಷೆಯ ಒಂದು ತೊಡಕು

ಶಸ್ತ್ರವೈದ್ಯದ ಪಠ್ಯಗಳಲ್ಲಿ ಕೊಯ್ತಗಳಿಗೆ ಹೆಸರುಗಳಿವೆ. ಯಾವ ಹೆಸರಿನ ಕೊಯ್ತ ಯಾವ ಶಸ್ತ್ರಕ್ರಿಯೆಗೆ ಸಲ್ಲುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಕಂಠಪಾಠ ಮಾಡುತ್ತಾರೆ. ಅಪೆಂಡಿಕ್ಸ್ ತೆಗೆಯಲು ಕಿಬ್ಬೊಟ್ಟೆಯ ಬಲಬದಿಯಲ್ಲಿ ಓರೆಯಾಗಿ ಹಾಕುವ ಕೊಯ್ತಕ್ಕೆ, ಅದನ್ನು 1894ರಲ್ಲಿ ವಿವರಿಸಿದ ಅಮೆರಿಕದ ಚಾರ್ಲ್ಸ್ ಮ್ಯಾಕ್‌ಬರ್ನಿಯ ಹೆಸರಿದೆ. ಸಿಸೇರಿಯನ್ ಹೆರಿಗೆಯಲ್ಲಿ ಕಿಬ್ಬೊಟ್ಟೆಗೆ ಅಡ್ಡವಾಗಿ, ತುಸು ಬಾಗಿದಂತೆ ಹಾಕುವ ಕೊಯ್ತಕ್ಕೆ, ಅದನ್ನು 1900ರಲ್ಲಿ ಪ್ರಕಟಿಸಿದ ಜರ್ಮನಿಯ ಫಾನನ್‌ಸ್ಟೀಲ್‌ನ ಹೆಸರಿದೆ. ಪಿತ್ತಕೋಶವನ್ನು ಹೊಟ್ಟೆ ತೆರೆದು ತೆಗೆಯುವಾಗ ಬಲಪಕ್ಕೆಲುಬಿನ ಅಂಚಿನಡಿ ಹಾಕುವ ಕೊಯ್ತ ಸ್ವಿಟ್ಜರ್ಲೆಂಡಿನ ಕೋಕರ್‌ನದು. ಥೈರಾಯಿಡ್ ಶಸ್ತ್ರಕ್ರಿಯೆಗಾಗಿ ಕುತ್ತಿಗೆಯ ಮುಂಭಾಗದಲ್ಲಿ ಹಾಕುವ ಕೊಯ್ತಕ್ಕೂ ಅವನದೇ ಹೆಸರು. ಸ್ಥಳ ಎರಡು, ಉದ್ದೇಶ ಎರಡು, ಹೆಸರು ಮಾತ್ರ ಒಂದೇ.

ವ್ಯಕ್ತಿನಾಮವು ಕೊಯ್ತದ ಸ್ಥಳವನ್ನಾಗಲಿ ದಿಕ್ಕನ್ನಾಗಲಿ ಉದ್ದೇಶವನ್ನಾಗಲಿ ಹೇಳುವುದಿಲ್ಲ. ವೈದ್ಯರಿಗೆ ಇದು ತೊಡಕಲ್ಲ. ಆದರೆ ಕಡೂರು, ತರೀಕೆರೆ, ಅಜ್ಜಂಪುರಗಳಿಂದ ದೊಡ್ಡ ಶಸ್ತ್ರಕ್ರಿಯೆಗಾಗಿ ಶಿವಮೊಗ್ಗಕ್ಕೋ ಚಿಕ್ಕಮಗಳೂರಿಗೋ ಹೋಗಿ ಬರುವವರ ಸ್ಥಿತಿ ಬೇರೆ. ಆಸ್ಪತ್ರೆಯ ಬಿಡುಗಡೆ ಚೀಟಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಅದು ಕಳೆದುಹೋದರೆ ಉಳಿಯುವುದು ‘ಹೊಟ್ಟೆ ಆಪರೇಷನ್ ಆಗಿದೆ’ ಎಂಬ ಮಾತು ಮತ್ತು ಮೈಮೇಲಿನ ಕಲೆ.

ಕಲೆಯೊಂದೇ ಸಾಲದೆನ್ನಲು ಸಿಸೇರಿಯನ್ನೇ ನಿದರ್ಶನ. ಇಲ್ಲಿ ಕೊಯ್ತ ಎರಡು: ಒಂದು ಹೊಟ್ಟೆಯ ಮೇಲಿನದು, ಇನ್ನೊಂದು ಗರ್ಭಕೋಶದ್ದು. ಮೇಲಿನ ಕಲೆ ಅಡ್ಡವಾಗಿದ್ದರೂ ಗರ್ಭಕೋಶದ ಕೊಯ್ತ ಉದ್ದವಾಗಿದ್ದಿರಬಹುದು. ಗರ್ಭಕೋಶದ ಮೇಲ್ಭಾಗದಲ್ಲಿ ಉದ್ದ ಕೊಯ್ತವಾಗಿದ್ದರೆ ಮುಂದಿನ ಬಸಿರಿನಲ್ಲಿ ಅದು ಹರಿಯುವ ಅಪಾಯ ಹೆಚ್ಚು. ಅಂಥವರಿಗೆ ಸಹಜ ಹೆರಿಗೆಯ ಪ್ರಯತ್ನವನ್ನು ವೈದ್ಯರು ಸಲಹೆ ಮಾಡುವುದಿಲ್ಲ. ಮುಂದಿನ ಹೆರಿಗೆಗೆ ಬೇರೊಂದು ಆಸ್ಪತ್ರೆಗೆ ಹೋದ ತಾಯಿ ‘ಒಳಗಿನ ಕೊಯ್ತ ಉದ್ದವಾಗಿತ್ತು’ ಎಂದು ಹೇಳಬಲ್ಲಳಾದರೆ ಎರಡು ಜೀವಗಳಿಗೆ ರಕ್ಷಣೆಯಾದೀತು. ಪರಿಭಾಷೆಯ ಪ್ರಶ್ನೆ ಇಲ್ಲಿ ಕೇವಲ ನಿಘಂಟಿನ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಸಂಸ್ಕೃತದಿಂದ ಪದ ತಂದೊಡನೆ ಸಮಸ್ಯೆ ಬಗೆಹರಿಯುವುದೂ ಇಲ್ಲ. ಕನ್ನಡದಲ್ಲಿ ‘ಛೇದನ’ ಎಂಬ ಪದವನ್ನು ಕೊಯ್ತಕ್ಕೂ ಬಳಸುವುದುಂಟು. ಸುಶ್ರುತ ಸಂಹಿತೆಯು ಹೇಳುವ ಎಂಟು ಶಸ್ತ್ರಕರ್ಮಗಳಲ್ಲಿ ‘ಛೇದ್ಯ’ವೆಂದರೆ ಕತ್ತರಿಸಿ ತೆಗೆಯುವುದು; ಸೀಳಿ ತೆರೆಯುವುದು ‘ಭೇದ್ಯ’. ತೆರೆಯುವುದಕ್ಕೂ ತೆಗೆಯುವುದಕ್ಕೂ ಒಂದೇ ಪದವಾದರೆ ಗರ್ಭಕೋಶವನ್ನು ತೆರೆದರೋ ತೆಗೆದರೋ ಎಂಬುದೇ ಅಸ್ಪಷ್ಟವಾಗುತ್ತದೆ. ಅದೇ ಸಂಹಿತೆಯು ಹುಬ್ಬು, ಕೆನ್ನೆ, ಹಣೆಗಳಲ್ಲಿ ಓರೆಯಾಗಿ ಕೊಯ್ಯಬೇಕೆಂದೂ ಕೈಕಾಲುಗಳಲ್ಲಿ ಚಂದ್ರಮಂಡಲದಂತೆ ದುಂಡಾಗಿ ಕೊಯ್ಯಬೇಕೆಂದೂ ವಿಧಿಸುತ್ತದೆ. ಅಂಗಕ್ಕೆ ತಕ್ಕಂತೆ ಕೊಯ್ತದ ಆಕಾರವನ್ನು ಹೇಳುವ ಈ ಕ್ರಮ ಇಂದಿಗೂ ಅನುಕರಣೀಯ.

ಕನ್ನಡದಲ್ಲಿ ಪದಗಳ ಬಡತನವಿಲ್ಲ. ಕೊಯ್, ಸೀಳು, ಸಿಗಿ, ಕೊರೆ, ಗೀರು, ತರಿ, ಕಡಿ ಎಂಬ ಕ್ರಿಯಾಪದಗಳಲ್ಲಿ ಪ್ರತಿಯೊಂದೂ ಆಯುಧದ ಚಲನೆಯನ್ನು ಬೇರೆಯಾಗಿ ಸೂಚಿಸುತ್ತದೆ. ಇವುಗಳ ಬಲದಿಂದ ‘ಬಲ ಕಿಬ್ಬೊಟ್ಟೆಯ ಓರೆಕೊಯ್ತ’, ‘ಕಿಬ್ಬೊಟ್ಟೆಯ ಅಡ್ಡಕೊಯ್ತ’, ‘ಪಕ್ಕೆಯಡಿಯ ಕೊಯ್ತ’, ‘ಕೊರಳಪಟ್ಟಿ ಕೊಯ್ತ’, ‘ನಡುಹೊಟ್ಟೆಯ ಉದ್ದಕೊಯ್ತ’ ಎಂಬಂಥ ಹೆಸರುಗಳನ್ನು ರೂಪಿಸಬಹುದು. ಇವನ್ನು ಕೇಳಿದವರಿಗೆ ಸ್ಥಳವೂ ದಿಕ್ಕೂ ತಾವಾಗಿಯೇ ತಿಳಿಯುತ್ತವೆ. ಮ್ಯಾಕ್‌ಬರ್ನಿ, ಕೋಕರ್‌ರ ಹೆಸರುಗಳನ್ನು ಕೈಬಿಡಬೇಕೆಂದು ಇದರ ಅರ್ಥವಲ್ಲ; ಜಗತ್ತಿನ ವೈದ್ಯರೊಡನೆ ವ್ಯವಹರಿಸಲು ಅವು ಬೇಕು. ಅವುಗಳ ಪಕ್ಕದಲ್ಲಿ ರೋಗಿಗೆ ತಿಳಿಯುವ ಹೆಸರೂ ಬರಹದಲ್ಲಿರಬೇಕು.

ಈ ಕೆಲಸವನ್ನು ವೈದ್ಯರಿಗಷ್ಟೇ ಬಿಡುವುದು ಸರಿಯಲ್ಲ. ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿರುವ ಕಡೂರು, ತರೀಕೆರೆಗಳ ಕಾಲೇಜುಗಳ ಕನ್ನಡ ವಿಭಾಗಗಳು ಸೂಲಗಿತ್ತಿಯರಿಂದ, ದಾದಿಯರಿಂದ, ಶಸ್ತ್ರಕ್ರಿಯೆಗೆ ಒಳಗಾದವರಿಂದ ಪದಗಳನ್ನು ಸಂಗ್ರಹಿಸಬಹುದು. ಅವುಗಳ ಖಚಿತತೆಯನ್ನು ಶಸ್ತ್ರವೈದ್ಯರಿಂದ ಪರಿಶೀಲಿಸಿಕೊಳ್ಳಬಹುದು. ಗ್ರಾಮ್ಯಪದಗಳ ಸಂಗ್ರಹವನ್ನು ಜಾನಪದದ ಅಧ್ಯಾಯಕ್ಕೆ ಮಾತ್ರ ಸೀಮಿತಗೊಳಿಸಿರುವ ಸಂಶೋಧನೆಗೆ ಇದೊಂದು ಹೊಸ ಹೊಣೆ. ತನ್ನ ದೇಹಕ್ಕೆ ಏನು ಮಾಡಲಾಗಿದೆ ಎಂಬುದನ್ನು ತನ್ನ ಭಾಷೆಯಲ್ಲಿ ಹೇಳಲು ಸಾಧ್ಯವಾಗುವುದು ರೋಗಿಯ ಹಕ್ಕು. ಅದಕ್ಕೆ ಬೇಕಾದ ಪದಗಳನ್ನು ಒದಗಿಸುವುದು ಭಾಷಾವಿಭಾಗಗಳ ಕರ್ತವ್ಯ.