ಹದಿನೈದು ಜನ, ಎರಡು ಡ್ರಮ್ ಪೆಟ್ರೋಲ್

ನಮ್ಮ ಟೀಮಿನ ಶುಕ್ರವಾರದ ಊಟ ಈ ಸಲ ಫೋರ್ಟಿಟ್ಯೂಡ್ ವ್ಯಾಲಿಯಲ್ಲಿ ಅಂತ ಗೊತ್ತಾಯಿತು. ಬ್ರಿಸ್ಬೇನಿಗೆ ಬಂದು ಎಂಟು ತಿಂಗಳಾದರೂ ರಾತ್ರಿ ಹೊತ್ತು ಆ ಕಡೆ ಹೋದವನಲ್ಲ ನಾನು. ಬ್ರಿಗೇಡ್ ರೋಡು, ಚರ್ಚ್ ಸ್ಟ್ರೀಟು ಎರಡನ್ನೂ ಸೇರಿಸಿದ ಹಾಗಿರುವ ಜಾಗ ಅಂದ್ಕೊಳ್ಳಿ. ನಡೆದು ಹೋಗುವಾಗ ನಮ್ಮ ಟೆಸ್ಟಿಂಗ್ ಲೀಡ್, ರಿಟೈರ್‌ಮೆಂಟಿಗೆ ಎರಡೇ ವರ್ಷ ಇರುವವರು, ಅಮೇಲಿಯಾ ಸ್ಟ್ರೀಟಿನಲ್ಲಿ ನಿಂತು "ವಿಸ್ಕಿ ಇದ್ದದ್ದು ಇಲ್ಲೇ" ಅಂದರು. ನಾನು ಕುಡಿಯುವ ವಿಸ್ಕಿ ಅಂದ್ಕೊಂಡು ನಕ್ಕೆ. ಅವರು ನಗಲಿಲ್ಲ.

ವಿಸ್ಕಿ ಔ ಗೋ ಗೋ ಅನ್ನುವುದು ಒಂದು ನೈಟ್‌ಕ್ಲಬ್ಬು. ಕ್ಲಬ್ ಇದ್ದದ್ದು ಮೊದಲ ಮಹಡಿಯಲ್ಲಿ, ಹತ್ತುವ ಮೆಟ್ಟಿಲು ಕೆಳಗಿನ ಬಾಗಿಲಿಂದ. 1973ರ ಮಾರ್ಚ್ 8, ರಾತ್ರಿ ಎರಡು ಗಂಟೆ ದಾಟಿತ್ತು. ಆ ಕೆಳಗಿನ ಬಾಗಿಲ ಹತ್ತಿರ ಯಾರೋ ಎರಡು ಡ್ರಮ್ ಪೆಟ್ರೋಲ್ ಉರುಳಿಸಿ ಬೆಂಕಿ ಹಚ್ಚಿದರು. ಬೆಂಕಿ ಕೆಳಗೆ, ಜನ ಮೇಲೆ. ಹೊಗೆ ಹೋಗೋದು ಎಲ್ಲಿಗೆ? ಮೇಲಕ್ಕೇ. ಹದಿನೈದು ಜನ ಸತ್ತರು, ಸುಟ್ಟುಕೊಂಡಲ್ಲ, ಕಾರ್ಬನ್ ಮೊನಾಕ್ಸೈಡ್ ಕುಡಿದು. ಗ್ರಾಹಕರು, ಕೆಲಸದವರು, ಅಲ್ಲಿ ಬಾರಿಸುತ್ತಿದ್ದ ಸಂಗೀತಗಾರರು ಎಲ್ಲರೂ ಅದರಲ್ಲಿದ್ದರು.

ಇದನ್ನು ಕೇಳಿದಾಗ ನನಗೆ ನೆನಪಾದದ್ದು ನಮ್ಮ ಹಳೇ ಏರ್‌ಪೋರ್ಟ್ ರೋಡಿನ ಕಾರ್ಲ್‌ಟನ್ ಟವರ್ಸ್. 2010ರ ಫೆಬ್ರವರಿ, ಒಂಬತ್ತು ಜನ ಹೋದರು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದ್ತಾ ಕೂತಿದ್ದವನು ಟಿವಿಯಲ್ಲಿ ಜನ ಕಿಟಕಿಯಿಂದ ಜಿಗಿಯೋದನ್ನು ನೋಡಿದ್ದೆ. ಅಮ್ಮ ಟಿವಿ ಆರಿಸಿಬಿಟ್ಟಿದ್ದಳು. ಆದರೆ ಅದು ಅವಘಡ. ಇದು ಯಾರೋ ಬೇಕೆಂದೇ ಮಾಡಿದ್ದು.

ಮನೆಗೆ ಬಂದು ಎರಡು ರಾತ್ರಿ ಇದರ ಬಗ್ಗೆ ಓದುತ್ತಾ ಕೂತೆ. ನನ್ನನ್ನು ಕಾಡಿದ್ದು ಬೆಂಕಿಗಿಂತ ಅದರ ಮುಂಚಿನ ವಾರಗಳು. ಜಾನ್ ಆಂಡ್ರ್ಯೂ ಸ್ಟುವರ್ಟ್ ಅನ್ನುವ ಹಳೇ ರೌಡಿ, ಸಿಡ್ನಿಯ ಗ್ಯಾಂಗಿನವರು ಬ್ರಿಸ್ಬೇನಿನ ಕ್ಲಬ್ಬುಗಳಿಂದ ವಸೂಲಿಗೆ ಇಳಿಯುತ್ತಾರೆ, ಒಂದು ಕ್ಲಬ್ಬಿಗೆ ಬೆಂಕಿ ಬೀಳುತ್ತೆ ಅಂತ ಪೊಲೀಸರಿಗೂ ಒಬ್ಬ ಪತ್ರಕರ್ತನಿಗೂ ಹೇಳಿದ್ದ. ನಮ್ಮೂರ ಭಾಷೆಯಲ್ಲಿ ಇದೇ ರೋಲ್‌ಕಾಲ್. ಮಾತು ಪೇಪರಿನಲ್ಲೂ ಬಂತು. ಫೆಬ್ರವರಿ ಕೊನೆಯಲ್ಲಿ ಅದೇ ವ್ಯಾಲಿಯ ಟೊರಿನೋಸ್ ಅನ್ನುವ ಕ್ಲಬ್ಬು ಹೊತ್ತಿ ಉರಿಯಿತು, ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಅದಾಗಿ ಎರಡು ವಾರ ತುಂಬುವ ಮೊದಲೇ ವಿಸ್ಕಿ. ಇಷ್ಟು ಅಲರ್ಟ್ ಬಂದ ಮೇಲೂ ನಮ್ಮ ಆಫೀಸಿನಲ್ಲಿ ಯಾರೂ ಎದ್ದು ನೋಡಲಿಲ್ಲ ಅಂದ್ರೆ ಮ್ಯಾನೇಜರ್ ಸುಮ್ಮನೆ ಬಿಡ್ತಾರಾ?

ಕೆಲವೇ ದಿನಗಳಲ್ಲಿ ಪೊಲೀಸರು ಹಿಡಿದದ್ದು ಯಾರನ್ನು ಗೊತ್ತಾ? ಅದೇ ಸ್ಟುವರ್ಟನನ್ನು, ಜೊತೆಗೆ ಅವನ ಗೆಳೆಯ ಜೇಮ್ಸ್ ಫಿಂಚನ್ನು. ಇಬ್ಬರಿಗೂ ಜೀವಾವಧಿ. ಫಿಂಚ್ ತಪ್ಪೊಪ್ಪಿಕೊಂಡ ಅಂತ ಪೊಲೀಸರು ಕೋರ್ಟಿಗೆ ಕೊಟ್ಟ ಹೇಳಿಕೆಯಲ್ಲಿ ಅವನ ಸಹಿಯೇ ಇರಲಿಲ್ಲ. ಪೊಲೀಸರೇ ಕಟ್ಟಿದ ಮಾತು ಅಂತ ಇಬ್ಬರೂ ಕೂಗಾಡಿದರು. ಸ್ಟುವರ್ಟ್ ತಂತಿ ನುಂಗಿದ, ತುಟಿ ಹೊಲಿದುಕೊಂಡ, 1979ರ ಹೊಸ ವರ್ಷದ ದಿನ ಬಾಗೋ ರೋಡ್ ಜೈಲಿನಲ್ಲೇ ಸತ್ತ. ಫಿಂಚ್ 1988ರಲ್ಲಿ ಬಿಡುಗಡೆಯಾಗಿ ಇಂಗ್ಲೆಂಡಿಗೆ ಹೋದವನು ಅಲ್ಲಿಂದ 'ಹೌದು, ನಾನೇ ಮಾಡಿದ್ದು' ಅಂದ, ಆಮೇಲೆ ಆ ಮಾತನ್ನೂ ವಾಪಸ್ ತಗೊಂಡ. ಇಬ್ಬರೂ ಸಾಧು ಸಂತರೇನಲ್ಲ ಬಿಡಿ. ಆದರೆ ಇವರ ಹಿಂದೆ ಇದ್ದವರು ಯಾರು, ದುಡ್ಡು ಕೊಟ್ಟು ಮಾಡಿಸಿದ್ದು ಯಾರು ಅನ್ನುವ ಪ್ರಶ್ನೆ ಹಾಗೇ ಉಳಿಯಿತು. ಟಿಕೆಟ್ ಮಾತ್ರ ಕ್ಲೋಸ್ ಆಯ್ತು.

ಬೆಂಕಿಯಾದ ಮರುವರ್ಷ, 1974ರ ಜನವರಿಯಲ್ಲಿ, ಬಾರ್ಬರಾ ಮೆಕ್‌ಕಲ್ಕಿನ್ ಅನ್ನುವ ಹೆಂಗಸು ತನ್ನ ಹದಿಮೂರು, ಹನ್ನೊಂದು ವರ್ಷದ ಇಬ್ಬರು ಹೆಣ್ಣುಮಕ್ಕಳ ಜೊತೆ ಬ್ರಿಸ್ಬೇನಿನ ಮನೆಯಿಂದ ಕಾಣೆಯಾದಳು. ಮೂವರ ಶವಗಳೂ ಇವತ್ತಿನವರೆಗೆ ಸಿಕ್ಕಿಲ್ಲ. ನಲವತ್ತು ವರ್ಷ ದಾಟಿದ ಮೇಲೆ ವಿನ್ಸೆಂಟ್ ಓಡೆಂಪ್ಸಿ, ಗ್ಯಾರಿ ಡುಬೋಯಿ ಅನ್ನುವ ಇಬ್ಬರಿಗೆ ಆ ಕೊಲೆಗಳಿಗಾಗಿ 2017ರಲ್ಲಿ ಶಿಕ್ಷೆಯಾಯಿತು. ವಿಸ್ಕಿ ಬೆಂಕಿಯ ಬಗ್ಗೆ ಬಾರ್ಬರಾಗೆ ಏನೋ ಗೊತ್ತಿತ್ತು, ಬಾಯಿ ಬಿಟ್ಟಾಳು ಅನ್ನುವ ಭಯವಿತ್ತು ಎಂಬ ವಾದ ಓಡೆಂಪ್ಸಿಯ ವಿಚಾರಣೆಯಲ್ಲಿ ಬಂತು. ಅದರ ಬೆನ್ನಿಗೇ ಸರ್ಕಾರ ಬೆಂಕಿಯ ಹೊಸ ತನಿಖೆಗೆ ಆದೇಶ ಕೊಟ್ಟಿತು, ಸಾಕ್ಷಿಗಳನ್ನು ಕೇಳಿದ್ದು 2021ರಲ್ಲಿ. ಅಷ್ಟರಲ್ಲಿ ಬೆಂಕಿಗೆ ನಲವತ್ತೆಂಟು ವರ್ಷ. ಸತ್ತವರ ಅಪ್ಪ ಅಮ್ಮಂದಿರಲ್ಲಿ ಎಷ್ಟು ಜನ ಉಳಿದಿದ್ದರೋ.

ಕ್ವೀನ್ಸ್‌ಲ್ಯಾಂಡಿನ ಪೊಲೀಸ್ ಇಲಾಖೆ ಎಷ್ಟು ಕೊಳೆತಿತ್ತು ಅನ್ನೋದು 1987ರಿಂದ 1989ರವರೆಗೆ ನಡೆದ ಫಿಟ್ಜ್‌ಜೆರಾಲ್ಡ್ ಆಯೋಗದ ವಿಚಾರಣೆಯಲ್ಲಿ ಬಯಲಾಯಿತು. ಪೊಲೀಸ್ ಕಮಿಷನರ್ ಆಗಿದ್ದ ಟೆರಿ ಲೂಯಿಸ್ ಲಂಚದ ಕೇಸಿನಲ್ಲಿ ಜೈಲಿಗೆ ಹೋದರು. ಅಂಥ ಊರಿನಲ್ಲಿ ಸಹಿಯಿಲ್ಲದ ಹೇಳಿಕೆಯನ್ನು ಜನ ಹೇಗೆ ನಂಬಬೇಕು?

ನಮ್ಮ ಲೀಡ್‌ಗೆ ಆಗ ಹದಿಮೂರು ವರ್ಷವಂತೆ. ಬೆಳಗ್ಗೆ ರೇಡಿಯೋ ಕೇಳುತ್ತಾ ಅವರಪ್ಪ ಟೀ ಕಪ್ಪು ಹಿಡಿದುಕೊಂಡು ಹಾಗೇ ನಿಂತಿದ್ದು ನೆನಪಿದೆ ಅಂದರು.

ಆವತ್ತು ಊಟಕ್ಕೆ ಹೋದ ಜಾಗವೂ ಮೊದಲ ಮಹಡಿಯೇ, ಹತ್ತೋಕೆ ಸಣ್ಣ ಮೆಟ್ಟಿಲು. ಆರ್ಡರ್ ಕೊಟ್ಟ ಮೇಲೆ, ಹಿಂದಿನ ಬಾಗಿಲು ಎಲ್ಲಿದೆ ನೋಡೋಣ ಅಂತ ಎದ್ದೆ. ಅವರು ಆಗಲೇ ನೋಡಿಕೊಂಡು ವಾಪಸ್ ಬರ್ತಾ ಇದ್ದರು.

"ಬಾಗಿಲು ತೆಗೆಯುತ್ತೆ," ಅಂದರು. "ಎರಡು ಕುರ್ಚಿ ಅಡ್ಡ ಇತ್ತು, ಪಕ್ಕಕ್ಕಿಟ್ಟೆ."