ಕಟ್ಟೆ ಮೇಲಿನ ಹುಲಿ-ಕುರಿ ಗೀಟಿಗೆ ಟೈಲ್ಸ್ ಹಾಕಬೇಡಿ

ಹಳೇ ಗುಡಿಯ ಜಗಲಿ, ಅರಳಿಕಟ್ಟೆಯ ಚಪ್ಪಡಿ ಮೇಲೆ ತ್ರಿಕೋನದ ಗೀಟು ಕೊರೆದಿರುವುದನ್ನು ನೋಡಿದ್ದೀರಾ? ಅದು ಹುಲಿ-ಕುರಿ ಆಟದ ಮನೆ. ಹಂಪಿಯ ಕಲ್ಲುಹಾಸುಗಳಲ್ಲೂ ಕೊರೆದ ಆಟದ ಮನೆಗಳಿವೆ. ಈಗ ಜೀರ್ಣೋದ್ಧಾರವೆಂದರೆ ಚಪ್ಪಡಿ ಮೇಲೆ ಟೈಲ್ಸ್ ಬೀಳುತ್ತದೆ. ಗೀಟು ಮುಚ್ಚಿದರೆ ಆಟವೂ ಮುಚ್ಚಿಹೋದೀತು ಎಂಬುದು ನಮ್ಮ ಆತಂಕ.

ಕಲಿಯುವುದು ಸುಲಭ. ಊರಿಂದೂರಿಗೆ ಲೆಕ್ಕ ಬೇರೆಯಾದರೂ ಹೆಚ್ಚು ಬಳಕೆಯ ಬಗೆಯಲ್ಲಿ 3 ಹುಲಿ, 15 ಕುರಿ, ಗೀಟುಗಳು ಕೂಡುವ 23 ಜಾಗ. ಹುಲಿಗಳನ್ನು ಮೊದಲೇ ಇಟ್ಟು, ಸರದಿಗೊಂದರಂತೆ ಕುರಿ ಇಡಬೇಕು. 15ನ್ನೂ ಇಡುವ ತನಕ ಕುರಿ ನಡೆಸುವಂತಿಲ್ಲ. ಪಕ್ಕದ ಕುರಿಯ ಆಚೆ, ಅದೇ ಗೀಟಿನ ನೇರಕ್ಕೆ ಜಾಗ ಖಾಲಿಯಿದ್ದರೆ ಹುಲಿ ಹಾರಿ ತಿನ್ನುತ್ತದೆ. ಕುರಿಗೆ ಕೊಲ್ಲುವ ಹಕ್ಕಿಲ್ಲ. ಮೂರೂ ಹುಲಿ ಕದಲದಂತೆ ಕಟ್ಟಿದರೆ ಕುರಿಗೆ ಗೆಲುವು. ಕಟ್ಟಲಾಗದಷ್ಟು ಕುರಿ ಸತ್ತರೆ ಹುಲಿಗೆ ಗೆಲುವು.

ಹೊಸಬರು ಕುರಿಯಿಂದಲೇ ಶುರುಮಾಡಲಿ. ಚದುರಂಗದಲ್ಲಿ ಇಬ್ಬರದೂ ಸಮಬಲ, ಇಲ್ಲಿ ಹಾಗಲ್ಲ. ಒಂಟಿ ಕುರಿ ಸಾಯುತ್ತದೆ. ಬೆನ್ನಿಗೆ ಇನ್ನೊಂದು ನಿಂತರೆ ಹುಲಿಗೆ ಹಾರಲು ಜಾಗವೇ ಇಲ್ಲ. ಕೈಲಾಗದವರು ಜೊತೆಗೆ ನಿಂತು ಗೆಲ್ಲುವ ಈ ಪಾಠ ನಮ್ಮ ಮಕ್ಕಳಿಗೆ ಬೇಕು.

ಟೈಲ್ಸ್ ಹಾಕಲೇಬೇಕಾದರೆ ಆ ಒಂದು ಚಪ್ಪಡಿ ಬಿಡಿ. ಪಂಚಾಯ್ತಿಯ ಅರಿವು ಕೇಂದ್ರದಲ್ಲಿ ಚೆಸ್, ಕೇರಂ ಜೊತೆ ಇದಕ್ಕೂ ಜಾಗ ಕೊಡಿ. ಖರ್ಚೇನೂ ಇಲ್ಲ: ಗೀಟಿಗೆ ಸೀಮೆಸುಣ್ಣ, ಕಾಯಿಗೆ ಹುಣಸೆಬೀಜ, ಹುಲಿಗೆ ಮೂರು ಕಲ್ಲು. ಆಟ ಬಲ್ಲ ಹಿರಿಯರು ಇನ್ನೂ ಕಟ್ಟೆ ಮೇಲಿದ್ದಾರೆ. ಈ ಭಾನುವಾರವೇ ಮಕ್ಕಳನ್ನು ಅವರೆದುರು ಕೂರಿಸಿ.