ಮನೆಯ ಮಾತಿಗೊಂದು ಪಾಠಶಾಲೆ

ಈಚೆಗೆ ಹಿಂದೂಪುರದ ಬಂಧುಗಳೊಬ್ಬರ ಮನೆಗೆ ಹೋಗಿದ್ದೆವು. ಮದುವೆಯ ಕರೆಯೋಲೆಯೊಂದು ಬಂದಿತ್ತು. ಕಣ್ಣು ಮಂಜಾದ ಅಜ್ಜಿ ಅದನ್ನು ಏಳನೆಯ ತರಗತಿಯ ಮೊಮ್ಮಗನ ಕೈಗಿತ್ತು ಓದೆಂದರು. ಅರಳು ಹುರಿದಂತೆ ಕನ್ನಡವಾಡುವ ಹುಡುಗ ಅದನ್ನು ಅತ್ತಿತ್ತ ತಿರುಗಿಸಿ, “ಇದು ಕನ್ನಡದಾಗೈತೆ ಅಜ್ಜಿ, ನಂಗೆ ಓದಾಕೆ ಬರಲ್ಲ” ಎಂದ. ಆ ಮಾತನ್ನೂ ಆಡಿದ್ದು ಕನ್ನಡದಲ್ಲಿಯೇ!

ತಪ್ಪು ಹುಡುಗನದಲ್ಲ. ಒಂದು ತರಗತಿಯಲ್ಲಿ 10 ಅಥವಾ ಶಾಲೆಯಲ್ಲಿ ಒಟ್ಟು 40 ಮಕ್ಕಳ ತಾಯಿನುಡಿ ಬೇರೆಯಾಗಿದ್ದರೆ ಪ್ರಾಥಮಿಕ ಹಂತದಲ್ಲಿ ಆ ನುಡಿಯಲ್ಲೇ ಕಲಿಸಬೇಕೆಂದು 1949ರ ಪ್ರಾಂತೀಯ ವಿದ್ಯಾಮಂತ್ರಿಗಳ ಸಮ್ಮೇಳನ ಒಪ್ಪಿತು. 1956ರಲ್ಲಿ ಸಂವಿಧಾನಕ್ಕೆ 350-ಎ ವಿಧಿಯೂ ಸೇರಿತು. ಆದರೆ ದಾಖಲಾತಿಯ ದಿನ ತಂದೆಯೇ ತಾಯಿನುಡಿ ‘ತೆಲುಗು’ ಎಂದು ಬರೆಸಿದರೆ ನಿಯಮವು ಯಾರನ್ನು ಎಣಿಸಬೇಕು? ನಾವೂ ಎಷ್ಟೋ ಹೆಸರುಗಳ ಮುಂದೆ ಮರುಮಾತಿಲ್ಲದೆ ಹಾಗೆಯೇ ಬರೆದುಕೊಂಡಿದ್ದೇವೆ. ಆ ಹೊಣೆ ನಮ್ಮದೂ ಹೌದು.

ಮುಂಬಯಿಗೆ ಹೋದ ದಕ್ಷಿಣ ಕನ್ನಡದ ಹುಡುಗರು ಹಗಲು ಹೋಟೆಲುಗಳಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಗಳಲ್ಲಿ ಓದಿದರು. ಇಂದು ಅಮೆರಿಕದ ಕನ್ನಡಿಗರು ವಾರದ ರಜೆಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದಾರೆ. ಅವರು ನಾಡು ಬಿಟ್ಟು ಹೋದವರು. ನಾವಾದರೋ 1953ರಲ್ಲಿ ಮದರಾಸಿನಿಂದ ಆಂಧ್ರ ರಾಜ್ಯ ಬೇರೆಯಾದಾಗಲೂ ಇದ್ದಲ್ಲೇ ಇದ್ದವರು. ನಮ್ಮ ಮಕ್ಕಳ ಕಿವಿಯಲ್ಲಿ ಕನ್ನಡ ಇದ್ದೇ ಇದೆ. ಅದನ್ನು ಕಣ್ಣಿಗೆ ತೋರಿಸಬೇಕಷ್ಟೆ.

ಹಿಂದೂಪುರದಲ್ಲೊಂದು, ಕಲ್ಯಾಣದುರ್ಗದಲ್ಲೊಂದು ಭಾನುವಾರದ ಪಾಠಶಾಲೆ ತೆರೆಯಲು ಗುಡಿಯ ಜಗಲಿ, ಒಂದು ಕರಿಹಲಗೆ, ನಿವೃತ್ತ ಉಪಾಧ್ಯಾಯರೊಬ್ಬರು ಸಾಕು. ತೆಲುಗು ಓದಬಲ್ಲ ಮಗುವಿಗೆ ‘ಅ, ಆ’ದಿಂದ ಆರಂಭಿಸುವ ಅಗತ್ಯವಿಲ್ಲ. ಗ, ಜ, ದ, ನ, ಬ, ರ, ಲ ಇವು ತಲೆಕಟ್ಟಿನ ಭೇದವನ್ನು ಬಿಟ್ಟರೆ ಎರಡು ಲಿಪಿಗಳಲ್ಲೂ ಹೆಚ್ಚುಕಡಿಮೆ ಒಂದೇ. ಜನ, ದನ, ಗಜ, ಬಲ ಎಂಬ ಪದಗಳನ್ನು ಮಗು ಮೊದಲ ದಿನವೇ ಓದುತ್ತದೆ. ಬೇರೆಯಾಗಿ ಕಾಣುವ ಕ, ತ, ಶ, ಸ ಆಮೇಲೆ ಬರಲಿ. ಅಂದು ಆ ಹುಡುಗನಿಗೆ ಕರೆಯೋಲೆಯ ಲಕೋಟೆಯ ಮೇಲೆ ಈ ಏಳು ಅಕ್ಷರಗಳನ್ನೇ ಬರೆದುಕೊಟ್ಟೆವು. ನಾವು ಹೊರಡುವ ಹೊತ್ತಿಗೆ ಅಜ್ಜಿಗೆ ನಾಲ್ಕು ಪದ ಓದಿ ಹೇಳುತ್ತಿದ್ದ.

ಇದು ತೆಲುಗನ್ನು ದೂರವಿಡುವ ಶಾಲೆಯಾಗಬಾರದು. ತೆಲುಗಿನ ಪಾಲು, ಪುಲಿ ನಮ್ಮಲ್ಲಿ ಹಾಲು, ಹುಲಿ. ಹಳಗನ್ನಡದಲ್ಲಿ ಇವೂ ಪಕಾರದವೇ. ಕಲ್ಯಾಣದುರ್ಗ ಸೀಮೆಯಲ್ಲಿ 1893ರಲ್ಲಿ ಜನಿಸಿದ ರಾಳ್ಲಪಲ್ಲಿ ಅನಂತಕೃಷ್ಣ ಶರ್ಮರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತೆಲುಗು ಕಲಿಸಿದರು. ಕನ್ನಡದಲ್ಲಿ ‘ಗಾನಕಲೆ’ ಬರೆದರು. ಎರಡು ನುಡಿಗಳೂ ಒಂದೇ ಎದೆಯಲ್ಲಿ ನೆಲೆಸಬಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ವಾಚಕ ಬಂಧುಗಳಲ್ಲಿ ನಮ್ಮ ಬಿನ್ನಹ ಎರಡೇ. ಭಾನುವಾರ ಒಂದು ಗಂಟೆ ಮಕ್ಕಳನ್ನು ಕಳುಹಿಸಿಕೊಡಿ. ಜೂನ್ ತಿಂಗಳ ದಾಖಲಾತಿಯಲ್ಲಿ ತಾಯಿನುಡಿ ಯಾವುದೆಂದು ಕೇಳಿದಾಗ, ಮನೆಯಲ್ಲಿ ಆಡುವ ಮಾತಿನ ಹೆಸರನ್ನೇ ಹೇಳಿ. ಬರೆದುಕೊಳ್ಳುವ ಕೈ ಈ ಸಲ ತಪ್ಪದು.